ಬರಿಗೊರಳು

ಏಪ್ರಿಲ್ 12, 2025, ಶನಿವಾರ

ಕನ್ನಡ ಸಂಘದ ಚಿದಂಬರ ಪ್ರಾಗ್‌ನಿಂದ ಎಂಬತ್ತೆರಡು ಫೋಟೋ ಕಳಿಸಿದ್ದಾನೆ. ಎಂಬತ್ತೆರಡರಲ್ಲೂ ಅವನು ಮುಂದೆ, ಊರು ಹಿಂದೆ. ರಿಟೈರ್ ಆದವರೆಲ್ಲ ಯುರೋಪಿಗೆ ಹೋಗಲೇಬೇಕೆಂದು ಇಲ್ಲಿನ ಕನ್ನಡಿಗರಿಗೆ ಯಾರೋ ಆಜ್ಞೆ ಹೊರಡಿಸಿದಂತಿದೆ. ನೌಕರಿಯಲ್ಲಿದ್ದಾಗ ನಾನು ಟುರಿನ್‌ಗೆ ಆರು ಸಲ ಹೋದವನು. ಕಂಡದ್ದು ಕಾರ್ಖಾನೆಯ ಪ್ರೆಸ್ಸು ಮತ್ತು ಹೋಟೆಲಿನ ಬೆಳಗಿನ ತಿಂಡಿ. ಕೊನೆಯ ಸಲ ಒಂದು ರವಿವಾರ ಬಿಡುವು ಸಿಕ್ಕಾಗ ಪ್ರವಾಸಿಗಳು ಕಾಲಿಡದ ಓಣಿಗಳಲ್ಲಿ ಅಲೆದೆ. ಒಬ್ಬ ಮುದುಕ ಬೀಗ ರಿಪೇರಿ ಮಾಡುವುದನ್ನು ಒಂದು ತಾಸು ನೋಡುತ್ತ ನಿಂತೆ. ನನ್ನ ಯುರೋಪು ಅಷ್ಟೇ, ಆದರೆ ಚಿದಂಬರನ ಎಂಬತ್ತೆರಡಕ್ಕಿಂತ ಚೆನ್ನಾಗಿತ್ತು.

ಈಗ ಅದೇ ಕೆಲಸವನ್ನು ಇಲ್ಲಿ ಮಾಡುತ್ತಿದ್ದೇನೆ. ಮೂವತ್ತೊಂದು ವರ್ಷ ನಾರ್ತ್‌ವಿಲ್‌ನಲ್ಲಿದ್ದೂ ಪಕ್ಕದ ಡೆಟ್ರಾಯಿಟನ್ನು ಫ್ರೀವೇ ಮೇಲಿಂದ ಬಿಟ್ಟರೆ ನೋಡಿಲ್ಲ. ಯಾವ ಗೈಡೂ ತೋರಿಸದ ಇಪ್ಪತ್ಮೂರು ಜಾಗಗಳನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೇನೆ. ಇವತ್ತು ಮೊದಲನೆಯದು: ಹ್ಯಾಮ್‌ಟ್ರಾಮಿಕ್‌ನ ಒಂದು ಹಿತ್ತಿಲು. ಕಾರು ಕಾರ್ಖಾನೆಯಿಂದ ನಿವೃತ್ತನಾದ ಉಕ್ರೇನಿನ ಮನುಷ್ಯ ತನ್ನ ಎರಡು ಗ್ಯಾರೇಜುಗಳ ಮಾಡಿನ ಮೇಲೆ ಗಾಳಿಯಂತ್ರ, ವಿಮಾನ, ಕುದುರೆ ಎಲ್ಲ ಕಟ್ಟಿ ನಿಲ್ಲಿಸಿ ಹೋಗಿದ್ದಾನೆ. ಜೊತೆಗೆ ಬಂದಿದ್ದ ಹೆಂಡತಿ ನೀಲಾ ನೋಡಿ ನಕ್ಕಳು. “ನಮ್ಮನ್ಯಾಗೂ ಗ್ಯಾರೇಜ್ ಐತಲ್ರೀ, ನೀವೂ ಏನರ ಕಟ್ಟ್ರಿ,” ಎಂದಳು. ಒಳ್ಳೆಯ ದಿನ.

ಏಪ್ರಿಲ್ 24, ಗುರುವಾರ

ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿದ್ದಾರೆ. ಅಕ್ಷರ ಸೊಟ್ಟಗಾಗುತ್ತಿವೆ.

ಮೊನ್ನೆ ಒಬ್ಬನೇ ಹೋಗಿದ್ದೆ. ಡೆಟ್ರಾಯಿಟಿನ ಪೂರ್ವ ಭಾಗದಲ್ಲಿ ಮುಚ್ಚಿಹೋದ ಒಂದು ಚರ್ಚು, ನಾಲ್ಕು ಮುಖದ ಗಡಿಯಾರದ ಗೋಪುರ. ಕತ್ತೆತ್ತಿ ನೋಡುತ್ತಿದ್ದೆ. ಮೊದಲ ಏಟು ಕಿವಿಗೆ ಬಿತ್ತು. ಎರಡನೆಯದು ಬಾಯಿಗೆ. ಹಲ್ಲೊಂದು ನಾಲಿಗೆಯ ಮೇಲೆ ಬಂದು ಕೂತದ್ದು ನೆನಪಿದೆ. ಇಬ್ಬರಿದ್ದರು. ಎತ್ತರದವನು ಕಂದು ಬಣ್ಣದ ದಪ್ಪ ಕೆಲಸದ ಜಾಕೆಟ್ ಹಾಕಿದ್ದ, ತೋಳಿನ ಮೇಲೆ ಬಿಳಿ ಬಣ್ಣ ಸಿಡಿದಿತ್ತು. ಅವನೇ ನನ್ನ ಕೊರಳಿಗೆ ಕೈ ಹಾಕಿದ್ದು. ಬೆಳ್ಳಿಯ ಸರಪಳಿ ಕತ್ತಿನ ಚರ್ಮ ಕೊರೆದುಕೊಂಡು ಹೋಯಿತು. ಅದಕ್ಕೆ ತೂಗುತ್ತಿದ್ದ ಲಿಂಗದ ಕರಡಿಗೆಯನ್ನು ನಾನು ಬಿಡಲಿಲ್ಲ. ಅವನು ನನ್ನ ಬೆರಳುಗಳ ಮೇಲೆ ಬೂಟಿಟ್ಟು ಸಿಗರೇಟು ಆರಿಸುವವರ ಹಾಗೆ ತಿರುಗಿಸಿದ. ಆಗ ಬಿಟ್ಟೆ.

ಹುಬ್ಬಿಗೆ ಏಳು ಹೊಲಿಗೆ. ಪೊಲೀಸರಿಗೆ ಕರಡಿಗೆಯ ಫೋಟೋ ಕೊಟ್ಟೆವು. ಬೆಳ್ಳಿಯ ಡಬ್ಬಿಯೊಳಗೆ ಏನಿತ್ತು ಎಂದು ಡಿಟೆಕ್ಟಿವ್ ಹೆಂಗಸು ಕೇಳಿದಳು. ಕಪ್ಪು ಲೇಪ ಹಚ್ಚಿದ ಒಂದು ಸಣ್ಣ ಕಲ್ಲು ಎಂದೆ. ಹಾಗೆಂದು ಹೇಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಎಂಟನೆಯ ವರ್ಷಕ್ಕೆ ಮಠದ ಅಯ್ಯನವರು ಆ ಇಷ್ಟಲಿಂಗವನ್ನು ನನ್ನ ಎಡ ಅಂಗೈ ಮೇಲಿಟ್ಟು, ಜೀವ ಹೋದರೂ ಇದನ್ನು ಬಿಡಬೇಡ ಎಂದಿದ್ದರು. ಐವತ್ತೊಂಬತ್ತು ವರ್ಷ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಒಂದು ತುತ್ತು ಉಂಡವನಲ್ಲ. ಜೀವ ಇಲ್ಲಿದೆ. ಅದು ಹೋಯಿತು.

ತಪ್ಪು ನನ್ನದೇ. ಶಿವದಾರದಲ್ಲಿ ಅಂಗಿಯೊಳಗೆ ಇರಬೇಕಾದದ್ದನ್ನು ಅರವತ್ತರ ಹುಟ್ಟುಹಬ್ಬಕ್ಕೆ ಬಂದ ಬೆಳ್ಳಿ ಸರಪಳಿಗೆ ಕಟ್ಟಿ, ನಾಲ್ಕು ಜನ ನೋಡಲಿ ಎಂದು ಗುಂಡಿ ಬಿಚ್ಚಿ ತಿರುಗುತ್ತಿದ್ದೆ. ದಾರವೇ ಇರಲಿ ಎಂದು ನೀಲಾ ಅವತ್ತೇ ಹೇಳಿದ್ದಳು.

ಏಪ್ರಿಲ್ 27, ರವಿವಾರ

ಬಾಗಲಕೋಟೆಯ ಕಡೆಯ ನಮ್ಮ ಮಠದ ಈಗಿನ ಸ್ವಾಮಿಗಳ ಜೊತೆ ನೀಲಾ ವಿಡಿಯೋ ಕಾಲ್ ಮಾಡಿಸಿದಳು. ಇನ್ನೊಂದು ಲಿಂಗ ಧಾರಣೆ ಮಾಡಿಕೊಳ್ಳಿ, ಅದಕ್ಕೆ ವಿಧಿ ಇದೆ, ನಿಮ್ಮ ಹತ್ತಿರದ ಟ್ರಾಯ್‌ನಲ್ಲಿ ಒಬ್ಬ ಅಯ್ಯನವರಿದ್ದಾರೆ, ಅವರು ಮಾಡಿಸುತ್ತಾರೆ ಎಂದರು. ನಾನು ಫೋನನ್ನು ನೀಲಾಳ ಕೈಗೆ ಕೊಟ್ಟು ಎದ್ದೆ. ಬಿಡಬೇಡ ಎನ್ನುವುದೂ ಮಠವೇ, ಹೋದರೆ ಹೋಗಲಿ ಎನ್ನುವುದೂ ಮಠವೇ.

ಬೆಳಗ್ಗೆ ಅವಳು ಪೂಜೆಗೆ ಕೂತಾಗ ನಾನು ಗ್ಯಾರೇಜಿಗೆ ಹೋಗಿ ನಿಲ್ಲುತ್ತೇನೆ. ಪೂಜೆಯಿಲ್ಲದೆ ಒಂದು ತುತ್ತು ಉಪ್ಪಿಟ್ಟು ಬಾಯಿಗಿಟ್ಟೆ. ಎದ್ದು ಸಿಂಕಿನಲ್ಲಿ ಉಗುಳಿದೆ. ಅದು ನನಗೆ ಬೇಕು. ಬೇರೊಂದಲ್ಲ, ಅದೇ.

ಮೇ 6, ಮಂಗಳವಾರ

ಬೆಲ್ ಐಲ್ ದ್ವೀಪದ ಮೂಲೆಯಲ್ಲಿ ಅಮೃತಶಿಲೆಯ ದೀಪಸ್ತಂಭವಿದೆ. ಪಟ್ಟಿಯಲ್ಲಿ ನಾಲ್ಕನೆಯದು. ನೀಲಾ ಒತ್ತಾಯ ಮಾಡಿ ಕರೆದುಕೊಂಡು ಹೋದಳು, ಮನಸ್ಸು ಹಗುರಾಗುತ್ತದಂತೆ. ಸ್ತಂಭ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ನಾನು ನೋಡಿದ್ದು ಜಾಕೆಟ್ಟುಗಳನ್ನು. ಮೀನು ಹಿಡಿಯುವವರು ಹನ್ನೊಂದು ಜನ, ಅದರಲ್ಲಿ ಕಂದು ಜಾಕೆಟ್ಟಿನವರು ಮೂವರು, ಎತ್ತರದವನು ಒಬ್ಬ. ಅವನ ಹಿಂದೆ ಕಾರಿನ ತನಕ ನಡೆದೆ. ಅವನ ತೋಳಿನ ಮೇಲೆ ಬಣ್ಣ ಇರಲಿಲ್ಲ.

ಗ್ಯಾರೇಜಿನಲ್ಲಿ, ಬಿಗಿದ ನಟ್ಟು ಬಿಚ್ಚುವ ಎರಡಡಿಯ ಕಬ್ಬಿಣದ ಸರಳಿತ್ತು. ಅದನ್ನು ಡ್ರೈವರ್ ಸೀಟಿನ ಕೆಳಗೆ ಇಟ್ಟಿದ್ದೇನೆ. ಟೈರು ಬದಲಿಸಬೇಕಾಗಿ ಬಂದರೆ ಇರಲಿ.

ಮೇ 10, ಶನಿವಾರ

ಕನ್ನಡ ಸಂಘದ ಪಿಕ್ನಿಕ್. ಪ್ರವಾಸ ಮುಗಿಸಿ ಬಂದ ಚಿದಂಬರ ನನ್ನ ಹೊಲಿಗೆ ನೋಡಿ, “ಪ್ರಾಗ್‌ಗೆ ಬಂದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ ನೋಡಿ,” ಎಂದ. ಅವನ ಎದೆಗೆ ಕೈಯಿಟ್ಟು ಸ್ವಲ್ಪ ಸರಿಸಿದೆ. ಅವನು ಚಿತ್ರಾನ್ನದ ಟ್ರೇ ಮೇಲೆ ಬಿದ್ದ. ಮಣ್ಣು ಹಸಿಯಾಗಿತ್ತು, ಜಾರಿರಬೇಕು.

ಮೇ 19, ಸೋಮವಾರ

ಮೂರು ವಾರದಿಂದ ನನಗೆ ಬೇರೆಯೇ ಡೆಟ್ರಾಯಿಟ್ ಪರಿಚಯವಾಗುತ್ತಿದೆ. ಒತ್ತೆ ಅಂಗಡಿಗಳ ಡೆಟ್ರಾಯಿಟ್. ಏಟ್ ಮೈಲ್, ಗ್ರಾಷಿಯೆಟ್, ವ್ಯಾನ್ ಡೈಕ್ ರಸ್ತೆಗಳು. ನೀಲಾಳಿಗೆ ಕುಂಬಾರಿಕೆ ನೋಡಲು ಹೋಗುತ್ತೇನೆ, ಹಡಗುಗಳಿಗೆ ಅಂಚೆ ಒಯ್ಯುವ ದೋಣಿ ನೋಡಲು ಹೋಗುತ್ತೇನೆ ಎಂದು ಹೇಳಿ ಹೊರಡುತ್ತೇನೆ. ಇಂಥ ಅಂಗಡಿಗಳನ್ನು ಯಾವ ಪುಸ್ತಕದಲ್ಲೂ ಹಾಕಿಲ್ಲ. ಮನುಷ್ಯರ ಉಂಗುರ, ಡ್ರಿಲ್ಲು, ಕಹಳೆ, ಕೃತಕ ಕಾಲು ಎಲ್ಲ ಒಂದೇ ಗಾಜಿನ ಹಿಂದೆ.

ಇವತ್ತು ಹದಿನಾಲ್ಕನೆಯ ಅಂಗಡಿಯಲ್ಲಿ ನನ್ನ ಕರಡಿಗೆ ಇತ್ತು. ಬಾಯಿ ತೆರೆದುಕೊಂಡು, ಖಾಲಿ. ಒಳಗಿದ್ದದ್ದು ಎಲ್ಲಿ ಎಂದೆ. ತಂದವನು ಖಾಲಿಯೇ ತಂದನಂತೆ. ಎತ್ತರದವನಂತೆ, ಎಡಗಾಲು ಎಳೆದು ನಡೆಯುತ್ತಿದ್ದನಂತೆ. ಹೆಸರು ಪೊಲೀಸರಿಗೆ ಮಾತ್ರ ಕೊಡುತ್ತೇನೆ, ಡಬ್ಬಿಯನ್ನೂ ಪೊಲೀಸರೇ ಬಂದು ಒಯ್ಯಬೇಕು ಎಂದ ಅಂಗಡಿಯವನು. ಅದು ನನ್ನದು ಎಂದು ಹತ್ತು ಸಲ ಹೇಳಿದ ಮೇಲೂ ಅವನು ಅದನ್ನೇ ಹೇಳಿದ. ಗಾಜಿಗೆ ಮುಷ್ಟಿಯಿಂದ ಗುದ್ದಿದೆ. ಗಾಜು ಒಡೆಯಲಿಲ್ಲ, ಬೆರಳಿನ ಗಂಟುಗಳು ಒಡೆದವು. ಅವನು ಕೌಂಟರಿನ ಕೆಳಗಿನಿಂದ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟ. ನನಗೆ ಒಂಚೂರೂ ಹೆದರಿಕೆಯಾಗಲಿಲ್ಲ. ಅದು ಸಂತೋಷದ ವಿಷಯ.

ಮೇ 25, ರವಿವಾರ. ವೆಸ್ಟ್‌ಮಂಟ್

ಲಾಂಗ್ ವೀಕೆಂಡ್ ಎಂದು ಶಿಕಾಗೋ ಬಳಿಯ ಮಗಳು ಮೇಧಾಳ ಮನೆಗೆ ಬಂದಿದ್ದೇವೆ. ಮೊಮ್ಮಗಳು ನಿಹಾರಿಕಾಳನ್ನು ಕರೆದುಕೊಂಡು ಶಿಕಾಗೋದ ದಕ್ಷಿಣಕ್ಕೆ ಪುಲ್‌ಮನ್ ನೋಡಲು ಹೋದೆ. ರೈಲು ಡಬ್ಬಿ ಮಾಡುವವರಿಗೆಂದೇ ಕಟ್ಟಿಸಿದ ಇಟ್ಟಿಗೆಯ ಊರು, ಎಲ್ಲ ಮನೆಗಳೂ ಒಂದರ ಪಕ್ಕ ಒಂದು. ಹುಡುಗಿ ಖುಷಿಯಿಂದ ಫೋಟೋ ತೆಗೆಯುತ್ತಿದ್ದಳು. ಹಿಂದಿನಿಂದ ಒಬ್ಬ ಹತ್ತಿರ ಬಂದ. ಕೈಯಲ್ಲಿದ್ದ ಸ್ಟೀಲಿನ ನೀರಿನ ಬಾಟಲಿಯಿಂದ ಅವನ ಮುಖಕ್ಕೆ ಬಾರಿಸಿದೆ. ಮೂಗಿನಿಂದ ರಕ್ತ ಬಂತು. ಅವನು ಮೂಗು ಹಿಡಿದುಕೊಂಡು ಓಡಿದ.

“ಅಜ್ಜ, ಹೀ ವಾಸ್ ಜಸ್ಟ್ ಆಸ್ಕಿಂಗ್ ದ ಟೈಮ್,” ಎಂದಳು ನಿಹಾರಿಕಾ. ಹನ್ನೊಂದು ವರ್ಷದ ಹುಡುಗಿಗೆ ಏನು ಗೊತ್ತು. ಟೈಮು ಕೇಳುವವರಿಗೆ ಫೋನ್ ಇರುವುದಿಲ್ಲವೇ.

ನಾಳೆ ಓಕ್ ಬ್ರೂಕ್‌ಗೆ ಹೋಗೋಣ ಎಂದರೆ ಕಾಲು ನೋವು, ಬರುವುದಿಲ್ಲ ಎನ್ನುತ್ತಿದ್ದಾಳೆ. ಈಗಿನ ಮಕ್ಕಳಿಗೆ ನಡೆದು ಅಭ್ಯಾಸವಿಲ್ಲ.

ಮೇ 30, ಶುಕ್ರವಾರ

ನೀಲಾ ತನ್ನ ಹಾಸಿಗೆಯನ್ನು ಮೇಧಾಳ ಹಳೆಯ ಕೋಣೆಗೆ ಸಾಗಿಸಿದ್ದಾಳೆ. ನನ್ನ ಗೊರಕೆ ಜಾಸ್ತಿಯಾಗಿದೆಯಂತೆ. ಆ ಬಾಗಿಲಿಗೆ ಒಳಚಿಲಕ ಇದೆಯೆಂದು ನನಗೆ ಈಗ ಗೊತ್ತಾಯಿತು.

ಜೂನ್ 3, ಮಂಗಳವಾರ

ಸಿಕ್ಕ. ಗ್ರಾಷಿಯೆಟ್ ರಸ್ತೆಯಲ್ಲಿ ಬಸ್ಸಿನಿಂದ ಇಳಿದ. ಎತ್ತರ, ಕಂದು ಜಾಕೆಟ್ಟು, ಬಿಳಿ ಬಣ್ಣದ ಕಲೆ. ಎಡಗಾಲು ಎಳೆದು ನಡೆಯುತ್ತಾನೆ. ಕಾರಿನಲ್ಲಿ ನಿಧಾನವಾಗಿ ಹಿಂದೆ ಹೋದೆ. ಬಿಳಿ ಮನೆ, ಮುಂದೆ ಹಳೆಯ ಟೈರಿನಲ್ಲಿ ನೇರಳೆ ಹೂ ನೆಟ್ಟಿದ್ದಾನೆ. ಕಳ್ಳನಿಗೆ ಹೂ ಬೇರೆ.

ಡಿಟೆಕ್ಟಿವ್‌ಗೆ ಫೋನ್ ಮಾಡಬೇಕೆಂದುಕೊಂಡೆ. ಮಾಡಲಿಲ್ಲ. ಅವರು ಅವನನ್ನು ಒಳಗೆ ಹಾಕಿದರೆ ಲಿಂಗ ಎಲ್ಲಿ ಎಂದು ಯಾರು ಬಾಯಿ ಬಿಡಿಸುತ್ತಾರೆ.

ಜೂನ್ 6, ಶುಕ್ರವಾರ

ಮೂರು ದಿನ ನೋಡಿದೆ. ಮಧ್ಯಾಹ್ನ ಹನ್ನೆರಡೂಕಾಲಿಗೆ ಬಸ್ಸು ಇಳಿದು ಹಿಂದಿನ ಓಣಿಯಿಂದ ಮನೆಗೆ ಹೋಗುತ್ತಾನೆ. ಓಣಿಯಲ್ಲಿ ಯಾರೂ ಇರುವುದಿಲ್ಲ.

ಬೆಳಗ್ಗೆ ನೀಲಾ ಟ್ರಾಯ್‌ನ ಅಯ್ಯನವರ ವಿಷಯ ಮತ್ತೆ ತೆಗೆದಳು. ಹೊಸ ಲಿಂಗ ತರಿಸಿದ್ದಾರೆ, ಸೋಮವಾರ ಬರುತ್ತಾರೆ ಎಂದಳು. ಬೇಡ ಎಂದು ಹೇಳಲು ಅವಳ ಕೈ ಹಿಡಿದೆ. ಸ್ವಲ್ಪ ಬಿಗಿಯಾಗಿ ಹಿಡಿದಿರಬೇಕು. ಐದು ಬಳೆ ಒಡೆದವು. ಗಾಜಿನ ಬಳೆ, ಒಡೆಯುವುದೇ. ಮಣಿಕಟ್ಟಿನಿಂದ ರಕ್ತ ಬಂದದ್ದನ್ನು ಅವಳು ಸೆರಗಿನಿಂದ ಒತ್ತಿಕೊಂಡು, “ನೀವು ಹೀಂಗ ಇರ್ಲಿಲ್ಲ,” ಎಂದಳು. ಸಂಜೆ ಮೇಧಾ ನಾಲ್ಕೂವರೆ ತಾಸು ಡ್ರೈವ್ ಮಾಡಿಕೊಂಡು ಬಂದು ತಾಯಿಯನ್ನು ಕರೆದುಕೊಂಡು ಹೋದಳು. ವೆಸ್ಟ್‌ಮಂಟ್‌ನಲ್ಲಿ ಹೇಗೂ ಅವಳಿಗೆ ಮೊಮ್ಮಗಳ ಜೊತೆ ಹೊತ್ತು ಹೋಗುತ್ತದೆ. ನನಗೂ ಅಡ್ಡಿಯಿಲ್ಲ.

ಜೂನ್ 11, ಬುಧವಾರ

ಆಯಿತು.

ಹನ್ನೆರಡೂವರೆಗೆ ಅವನು ಓಣಿಗೆ ತಿರುಗಿದ. ಹಿಂದಿನಿಂದ ಮಂಡಿಗೆ ಹೊಡೆದೆ, ಎಳೆಯುತ್ತಿದ್ದ ಕಾಲಿಗೇ. ಬಿದ್ದ. ಎರಡನೆಯದು ಮೊಣಕೈಗೆ. ಮೂಳೆ ಮುರಿಯುವ ಸದ್ದು ಸರಳಿನಿಂದ ನನ್ನ ಕೈಯೊಳಗೆ ಬಂತು. ಕಾರ್ಖಾನೆಯಲ್ಲಿ ತಗಡು ಸೀಳಿದಾಗಲೂ ಹಾಗೇ ಮೊದಲು ಕೈಗೆ ಗೊತ್ತಾಗುತ್ತಿತ್ತು. ಲಿಂಗ ಎಲ್ಲಿ ಎಂದು ಕೇಳಿದೆ. ಅವನು ಏನೇನೋ ಕೂಗಿದ. ಪಕ್ಕೆಗೆ ಹೊಡೆದೆ. ಮತ್ತೆ ಕೇಳಿದೆ. ಎಷ್ಟು ಸಲ ಕೇಳಿದೆನೋ. ಅವನು ಬೇಲಿಯ ಕಡೆಗೆ ತೆವಳಿದ. ಜಾಕೆಟ್ಟಿನ ಕಾಲರು ಹಿಡಿದು ತಿರುಗಿಸಿದಾಗ ಅಂಗಿಯೊಳಗೆ ದಾರದಲ್ಲಿ ಏನೋ ತೂಗುತ್ತಿತ್ತು. ನನ್ನದೇ ಎಂದುಕೊಂಡೆ. ಎಳೆದೆ. ದಾರ ಗಟ್ಟಿಯಿತ್ತು, ಎರಡು ಸಲ ಎಳೆಯಬೇಕಾಯಿತು. ಅದಕ್ಕಾಗಿ ಅವನು ಮುರಿದ ಕೈಯನ್ನೂ ಚಾಚಿದ. ಅಷ್ಟು ಹೊಡೆದಾಗಲೂ ಕೈ ಮುಗಿಯದವನು ಅದೊಂದಕ್ಕೆ ಪ್ಲೀಸ್ ಪ್ಲೀಸ್ ಎಂದ. ಅದರಿಂದಲೇ ಅದು ನನ್ನದೆಂದು ಖಾತ್ರಿಯಾಯಿತು.

ಕಾರಿಗೆ ಬಂದು ನೋಡಿದರೆ ಹೆಬ್ಬೆರಳಿನಷ್ಟು ಉದ್ದದ ಸ್ಟೀಲಿನ ಕೊಳವೆ. ಮೇಲೆ ‘ಲೊರೇನ್, 1951–2023’ ಎಂದು ಕೊರೆದಿದೆ. ಮುಚ್ಚಳ ತಿರುಗಿಸಿದರೆ ಒಳಗೆ ಬರೀ ಬೂದಿ. ಕಪ್ ಹೋಲ್ಡರಿನಲ್ಲಿ ಹಾಕಿದೆ.

ಮನೆಗೆ ಬಂದು ಕೈ ತೊಳೆಯುವಾಗ ಹೊಳೆಯಿತು: ನಾನು ಕೇಳಿದ್ದೆಲ್ಲ ಕನ್ನಡದಲ್ಲಿ.

ಜೂನ್ 12, ಗುರುವಾರ

ಒಂಬತ್ತು ತಾಸು ನಿದ್ದೆ. ಏಳು ವಾರದಲ್ಲಿ ಇದೇ ಮೊದಲು. ಸರಳು ಹಿಡಿದ ಎಡ ಅಂಗೈಯಲ್ಲಿ ಬೊಕ್ಕೆ ಎದ್ದಿವೆ. ಅವನ ಕಾಲು ನೆಟ್ಟಗಾದ ಮೇಲೆ ಇನ್ನೊಮ್ಮೆ ಹೋಗಿ ಅವನನ್ನು ಇಂಗ್ಲಿಷಿನಲ್ಲಿ ಕೇಳಬೇಕು.

ಜೂನ್ 16, ಸೋಮವಾರ

ಡಿಟೆಕ್ಟಿವ್ ಫೋನ್ ಮಾಡಿದ್ದಳು. ಒತ್ತೆ ಅಂಗಡಿಯ ಕಾಗದದಿಂದ ಸುಳಿವು ಹಿಡಿದು ಇಬ್ಬರನ್ನೂ ಹಿಡಿದಿದ್ದಾರೆ. ಇಬ್ಬರೂ ಒಪ್ಪಿಕೊಂಡಿದ್ದಾರೆ. ಡಬ್ಬಿಯೂ ಸಿಕ್ಕಿದೆ, ಕಲ್ಲೂ ಸಿಕ್ಕಿದೆ. ಆ ಎತ್ತರದವನ ಚಿಕ್ಕಮ್ಮ ಅದನ್ನು ಎಸೆಯಲು ಬಿಡಲಿಲ್ಲವಂತೆ. ಇದು ಯಾರೋ ಪ್ರಾರ್ಥನೆ ಮಾಡುವ ವಸ್ತು ಎಂದು ಕಿಟಕಿಯಲ್ಲಿ ತನ್ನ ಶಿಲುಬೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದಳಂತೆ.

ಯಾವತ್ತು ಹಿಡಿದಿರಿ ಎಂದು ಕೇಳಿದೆ. ಜೂನ್ ಐದಕ್ಕೆ, ಆವತ್ತಿನಿಂದ ಜೈಲಿನಲ್ಲೇ ಇದ್ದಾರೆ ಎಂದಳು.

ಜೂನ್ ಐದು. ಇನ್ನೊಮ್ಮೆ ಕೇಳಿದೆ. ಜೂನ್ ಐದೇ.

ಜೂನ್ 17, ಮಂಗಳವಾರ

ಬೆಳಗ್ಗೆ ಹೋಗಿ ಸಹಿ ಮಾಡಿ ತಂದೆ. ಒಂದು ಕಾಗದದ ಲಕೋಟೆಯಲ್ಲಿ ಹಾಕಿ ಕೊಟ್ಟರು. ಲೇಪಕ್ಕೆ ಒಂದು ಗೀರೂ ಬಿದ್ದಿಲ್ಲ. ವಿಷಯ ತಿಳಿದು ನೀಲಾ ಮೇಧಾಳ ಜೊತೆ ಮಧ್ಯಾಹ್ನವೇ ಬಂದಳು. ಅತ್ತು, ನಕ್ಕು, ಪೂಜೆಗೆ ಹೂ ತರೋಣ ನಡೀರಿ ಎಂದು ತಾನೇ ನನ್ನ ಕಾರು ಹತ್ತಿದಳು. ಅಲ್ಲಿ ಕಪ್ ಹೋಲ್ಡರಿನಲ್ಲಿದ್ದ ಕೊಳವೆ ಎತ್ತಿ ಹೆಸರು ಓದಿದಳು. ಮುಚ್ಚಳ ಬಿಚ್ಚಿದಳು. ವಿಭೂತಿ ಎಂದುಕೊಂಡು ಬೆರಳಿಟ್ಟಳು, ಆಮೇಲೆ ಆ ಎರಡು ಇಸವಿಗಳನ್ನು ಮತ್ತೆ ಓದಿದಳು.

“ಇದು ಯಾರದ್ರೀ?”

ಸುಳ್ಳು ಹೇಳಬಹುದಿತ್ತು. ಹೇಳಲಿಕ್ಕೆ ಬರಲಿಲ್ಲ. ಒಂದೊಂದಾಗಿ ಕೇಳಿದಳು, ಎಲ್ಲ ಹೇಳಿದೆ. ಸರಳು ಎಲ್ಲಿದೆ ಎಂದಳು. ಸೀಟಿನ ಕೆಳಗೆ ಎಂದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

ಹೂ ತರಲಿಲ್ಲ. ಒಳಗೆ ಬಂದು ಅವಳು ನನ್ನ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು. “ಮೊದಲ ಅವ್ರ ಮನಿಯವ್ರ ಬೂದಿ ಅವ್ರಿಗೆ ಕೊಟ್ಟ್ ಬರ್ರಿ. ಪೊಲೀಸರಿಗೂ ಹೇಳ್ರಿ. ಆಮ್ಯಾಲ ಇದನ್ನ ಮುಟ್ರಿ,” ಎಂದಳು. ಐವತ್ತಾರು ದಿನ ಕಾದದ್ದು ಸಿಕ್ಕಿದೆ, ಇವಳು ಯಾರು ತಡೆಯಲಿಕ್ಕೆ ಎಂದು ನನ್ನ ಕೈ ಮೇಲೆದ್ದಿತು. ಎದ್ದದ್ದು ನನಗೆ ಗೊತ್ತಾದದ್ದು ಮೇಧಾ ನಡುವೆ ಬಂದು ನಿಂತ ಮೇಲೆ. ಅವಳ ಕೈಯಲ್ಲಿ ಫೋನಿತ್ತು. ಒಂಬತ್ತು, ಒಂದು, ಒಂದು ಆಗಲೇ ಒತ್ತಿದ್ದಳು, ಹಸಿರು ಗುಂಡಿ ಒಂದೇ ಬಾಕಿ.

ಪೂಜೆ ಇಲ್ಲದೆ, ಊಟವೂ ಇಲ್ಲದೆ ಕೂತಿದ್ದೇನೆ. ನೀಲಾ ಒಳಚಿಲಕ ಹಾಕಿಕೊಂಡಳು. ಸದ್ದು ಕೇಳಿಸಿತು. ಗೊರಕೆಗೆ ಯಾರೂ ಚಿಲಕ ಹಾಕಿಕೊಳ್ಳುವುದಿಲ್ಲ.

ಜೂನ್ 18, ಬುಧವಾರ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಿಳಿ ಮನೆಯ ಎದುರಿನ ರಸ್ತೆ. ಡಿಟೆಕ್ಟಿವ್‌ಗೆ ಫೋನ್ ಮಾಡಿ ಹೇಳಿದ್ದೇನೆ. ಎಲ್ಲಿದ್ದೀರೋ ಅಲ್ಲೇ ಇರಿ, ಕೈಗಳು ಕಾಣುವ ಹಾಗೆ ಇಟ್ಟುಕೊಳ್ಳಿ ಎಂದಿದ್ದಾಳೆ. ಮೇಧಾ ತನ್ನ ಕಾರಿನಲ್ಲಿ ಹಿಂದೆ ಬಂದಿದ್ದಾಳೆ. ನೀಲಾ ನನ್ನ ಕಾರಿನಲ್ಲೇ ಇದ್ದಾಳೆ, ಆದರೆ ಹಿಂದಿನ ಸೀಟಿನಲ್ಲಿ. ನಲವತ್ತು ವರ್ಷದಲ್ಲಿ ಅವಳು ಹಿಂದೆ ಕೂತದ್ದಿಲ್ಲ. ಮುಂದೆ ಬಾ ಎಂದೆ. ಇಲ್ಲೇ ಇರ್ತೀನಿ ಎಂದಳು. ಲಿಂಗ ಅವಳ ಮಡಿಲಲ್ಲಿದೆ. ನಾನು ಕೇಳಲಿಲ್ಲ.

ಪೊಲೀಸರು ಬರುವುದರೊಳಗೆ ಆದದ್ದನ್ನು ಬರೆದುಬಿಡುತ್ತೇನೆ.

ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಕಂಠಪಾಠ ಮಾಡಿಕೊಂಡೆ. ಟೈರಿನಲ್ಲಿದ್ದ ನೇರಳೆ ಹೂಗಳು ನೀರಿಲ್ಲದೆ ಬಾಡಿದ್ದವು. ಗಂಟೆ ಒತ್ತಿದೆ. ಒಳಗೆ ಊರುಗೋಲಿನ ಸದ್ದು ಬಾಗಿಲ ತನಕ ಬರಲು ಬಹಳ ಹೊತ್ತು ಹಿಡಿಯಿತು. ಅವನೇ ತೆರೆದ. ನನ್ನ ವಯಸ್ಸಿನವನು. ಅವತ್ತು ಓಣಿಯಲ್ಲಿ ನಾನು ಅವನ ಮುಖ ನೋಡಿಯೇ ಇರಲಿಲ್ಲ. ಬಲಗೈ ಪ್ಲಾಸ್ಟರಿನಲ್ಲಿ, ಕೊರಳಿನಿಂದ ಇಳಿಬಿಟ್ಟ ಬಟ್ಟೆಯ ಜೋಲಿಯಲ್ಲಿತ್ತು. ಕತ್ತಿನ ಪಕ್ಕದಲ್ಲಿ ದಾರ ಕೊರೆದ ಕೆಂಪು ಗೆರೆ ಇನ್ನೂ ಇತ್ತು. ನನ್ನ ಕತ್ತಿನಲ್ಲೂ ಅದೇ ಜಾಗದಲ್ಲಿ ಇದೆ.

ಕಲಿತ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕೊಳವೆಯನ್ನು ತೋರಿಸಲೆಂದು ಜೇಬಿಗೆ ಕೈ ಹಾಕಿದೆ. ಅವನಿಗೆ ನನ್ನ ಗುರುತು ಸಿಕ್ಕಿತು. ಬೈಯಲಿಲ್ಲ, ಕೂಗಲಿಲ್ಲ, ಬಾಗಿಲು ಹಾಕಿಕೊಳ್ಳಲೂ ಇಲ್ಲ. ಊರುಗೋಲು ಬಿದ್ದುಹೋಯಿತು. ಪ್ಲಾಸ್ಟರಿನ ಕೈಯನ್ನೂ ಜೋಲಿಯಿಂದ ಎಳೆದು ತೆಗೆದು, ಎರಡೂ ಕೈಯಿಂದ ತನ್ನ ಬರಿಗೊರಳನ್ನು ಮುಚ್ಚಿಕೊಂಡ.